ಹಾಡು ಹಚ್ಚು ಅಂದರೆ

ಸಂಗೀತದ ಆಪ್ ನಡೆಸುವ ಕಂಪನಿಯಲ್ಲಿ ನಾನು ಒಂದು ವಿಭಾಗದ ಮುಖ್ಯಸ್ಥೆ. ಮಾನ್ವಿಯಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ, "ಫೋನಿನ್ಯಾಗ ಹಾಡು ಬರೋಹಂಗ ನೋಡ್ಕೋತೀನ್ರಿ" ಎನ್ನುತ್ತೇನೆ. ರಾಯಚೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಹೈದರಾಬಾದಿಗೆ ಹೋದಾಗ ಸಿಕ್ಕ ಮೊದಲ ಕೆಲಸ ಕಾಲರ್ ಟ್ಯೂನ್ ಕತ್ತರಿಸುವುದು. ಇಡೀ ಹಾಡಿನಲ್ಲಿ ಜನ ಗುನುಗುವ ತುಣುಕು ಯಾವುದು ಎಂದು ದಿನವಿಡೀ ಕಿವಿಗೊಟ್ಟು ಕೂರಬೇಕಿತ್ತು. ಕಾಲರ್ ಟ್ಯೂನಿನ ಕಾಲ ಹೋಗಿ ಆಪ್‌ಗಳು ಬಂದವು. ಅವುಗಳ ಜೊತೆ ನಾನೂ ಬೆಳೆದೆ.

ಬಾಯಿಂದ ಹೇಳಿ ಹಾಡು ಹುಡುಕುವ ಸೌಲಭ್ಯವನ್ನು ಕನ್ನಡಕ್ಕೆ ತಂದ ವರ್ಷ ಊರಿಗೆ ಹೋಗಿದ್ದೆ. ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಮಾನ್ವಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಕೈ ಬಿಡುವಿಲ್ಲದ ಇಂಥವರಿಗೇ ಇದು ಎಂದು ಹೆಮ್ಮೆಯಿಂದ ಫೋನನ್ನು ಅವಳ ಮಿಷನ್ನಿನ ಪಕ್ಕ ಇಟ್ಟೆ.

"ತತ್ವಪದ ಹಚ್ಚು" ಎಂದಳು. ನಮ್ಮ ಕಡೆ ಹಾಡು ಹಾಕು ಎನ್ನುವುದನ್ನು ಹಾಗೇ ಹೇಳುವುದು. ಫೋನು ದೀಪ ಹಚ್ಚುವ ಹಾಡೊಂದನ್ನು ಶುರು ಮಾಡಿತು. ಮತ್ತೊಮ್ಮೆ ಹೇಳಿದಳು. ಮತ್ತೊಂದು ದೀಪದ ಹಾಡು ಬಂತು.

"ಸಂಜಿ ಆಗ್ಯಾದಂತ ತಿಳ್ಕೊಂಡಾದೇನು ಇದು?" ಎಂದು ಚಿಗವ್ವ ನಕ್ಕಳು. ಆಮೇಲೆ ಕತ್ತರಿ ಕೈಗೆತ್ತಿಕೊಳ್ಳುತ್ತ, "ನಾ ಬೆಂಗಳೂರವ್ರ ಹಂಗ ಮಾತಾಡಬೇಕೇನಬೇ?" ಎಂದು ಕೇಳಿದಳು. ಆ ಪ್ರಶ್ನೆ ನನ್ನ ಜೊತೆಗೇ ಹೈದರಾಬಾದಿಗೆ ಬಂತು.

ಮೀಟಿಂಗಿನಲ್ಲಿ ವಿಷಯ ತೆಗೆದೆ. ಆಪ್‌ಗೆ ಕನ್ನಡ ಕಲಿಸಲು ಬಳಸಿದ ದನಿಗಳೆಲ್ಲ ದಕ್ಷಿಣ ಕರ್ನಾಟಕದ ಊರುಗಳವು ಎಂದೆ. ತೆಲುಗು ಮನೆಮಾತಿನ ನಮ್ಮ ನಿರ್ದೇಶಕರು, "ಜನ ನಿಧಾನವಾಗಿ ಕಲಿಯುತ್ತಾರೆ ಬಿಡಿ" ಎಂದರು.

"ಹಾಡು ಕೇಳುವುದಕ್ಕೆ ಅವರೇಕೆ ಬೇರೆ ಭಾಷೆ ಕಲಿಯಬೇಕು ಸರ್? ನಿಮ್ಮ ಊರಿನವರು ಹೇಳುವ ತೆಲುಗಾದರೂ ಇದಕ್ಕೆ ತಿಳಿಯುತ್ತದೆಯೇ?"

ಅವರು ತಮ್ಮ ಫೋನು ತೆಗೆದು, ನಮ್ಮೆಲ್ಲರ ಎದುರಿಗೇ ಹಳ್ಳಿಯ ತೆಲುಗಿನಲ್ಲಿ ಏನೋ ಕೇಳಿದರು. ಬಂದದ್ದು ಬೇರೇನೋ. ಒಂದು ಜಿಲ್ಲೆಯಲ್ಲಿ ಪ್ರಯತ್ನಿಸಿ ನೋಡಿ ಎಂದು ಒಪ್ಪಿದರು.

ನಮ್ಮ ಕಡೆಯ ಜನರ ಮಾತು ಮುದ್ರಿಸಿಕೊಳ್ಳಲು ರಾಯಚೂರಿನಲ್ಲಿ ಒಂದು ಕೋಣೆ ಹಿಡಿದೆ. ದನಿ ಗುಂಯ್‌ಗುಡಬಾರದೆಂದು ಗೋಡೆಗೆಲ್ಲ ಕೌದಿ ಇಳಿಬಿಟ್ಟೆವು. ಫ್ಯಾನು ಆರಿಸಬೇಕು, ಕಿಟಕಿ ಮುಚ್ಚಬೇಕು. ಬೇಸಿಗೆ ಬೇರೆ. ಬಂದವರು ಬೆವರು ಒರೆಸಿಕೊಳ್ಳುತ್ತ, ಕಂಪನಿ ಬರೆದುಕೊಟ್ಟ ವಾಕ್ಯಗಳನ್ನು ಓದುತ್ತಿದ್ದರು. ಆದರೆ ಕಾಗದ ಕೈಗೆ ಬಂದ ಕೂಡಲೇ ಎಲ್ಲರೂ ಶಾಲೆಯ ಪಾಠ ಒಪ್ಪಿಸುವವರಂತಾಗುತ್ತಿದ್ದರು. ದೇವದುರ್ಗದಿಂದ ಬಳೆ ಅಂಗಡಿಯ ಹೆಂಗಸೊಬ್ಬಳು ಬಂದಿದ್ದಳು. ಮನೆಯಲ್ಲಿ ದಖ್ಖನಿ ಉರ್ದು ಮಾತಾಡುವವಳು, ಅಂಗಡಿಯಲ್ಲಿ ಕನ್ನಡ. ಅವಳೂ "ದಯವಿಟ್ಟು ಗೀತೆಯನ್ನು ಆರಂಭಿಸಿ" ಎಂದು ಕಣ್ಣು ಮಿಟುಕಿಸದೆ ಓದಿದಳು.

"ಕಾಗದ ಕೆಳಗಿಡ್ರಿ. ನಿಮ್ಮ ಅಂಗಡ್ಯಾಗ ಹೆಂಗ ಹೇಳ್ತೀರಿ?" ಎಂದೆ.

"ಅಂಗಡ್ಯಾಗಾದ್ರ... ಏ, ಆ ಮದುವಿ ಗಾನಾ ಹಚ್ಚಬೇ, ಗಿರಾಕಿ ಬಂದಾರ ಅಂತೀನ್ರಿ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅಂದಿನಿಂದ ಕಾಗದ ಬಿಟ್ಟೆವು. ಅವಳು ಮಾತ್ರ ನಮ್ಮನ್ನು ಬಿಡಲಿಲ್ಲ. ಮತ್ತೆ ಮತ್ತೆ ಬಸ್ಸು ಹತ್ತಿ ಬಂದಳು, ದೇವದುರ್ಗದಿಂದ ಗೆಳತಿಯರನ್ನು ಕರೆತಂದಳು. ಮೈಕ್ ಕಂಡು ಅಂಜುವವರ ಎದುರು ಕೂತು, ಅವರ ಮಕ್ಕಳ ಸುದ್ದಿ, ಸಂತೆಯ ಸುದ್ದಿ ಎಳೆದು ಬಾಯಿ ಬಿಡಿಸಿದಳು.

ಹೊಸ ಆವೃತ್ತಿ ಬಂದ ದಿನ ಮಾನ್ವಿಗೆ ಹೋದೆ. ಚಿಗವ್ವ ಕೇಳಿದ ತತ್ವಪದ ಮೊದಲ ಸಲಕ್ಕೇ ಬಂತು. ಅವಳು ತಲೆಯೆತ್ತಲಿಲ್ಲ, ರವಿಕೆಯ ತೋಳು ಹೊಲಿಯುತ್ತಲೇ ದನಿಗೂಡಿಸಿದಳು. ನಾನು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದೆ.

ಆ ಬೇಸಿಗೆಯ ಪ್ರಯೋಗ ಈಗ ರಾಯಚೂರಿನ ಕಾಯಂ ಕಚೇರಿಯಾಗಿದೆ. ನಾನು ಹೈದರಾಬಾದಿಗಿಂತ ಇಲ್ಲೇ ಹೆಚ್ಚು ಇರುತ್ತೇನೆ. ಬಳೆ ಅಂಗಡಿಯನ್ನು ತಂಗಿಗೆ ಒಪ್ಪಿಸಿದ ಆ ಹೆಂಗಸು ನಮ್ಮ ಧ್ವನಿ ತಂಡವನ್ನು ನಡೆಸುತ್ತಾಳೆ. ಮೊನ್ನೆ ನನ್ನ ಮೇಜಿನ ಮುಂದೆ ನಿಂತು, "ಕಲಬುರಗಿ ಮಂದಿ ಮಾತು ಬ್ಯಾರೆ ಅದರೀ ಮೇಡಂ. ಇಲ್ಲಿ ಕುಂತು ಆಗೂದಲ್ಲ" ಎಂದಳು.

"ಯಾವಾಗ ಹೋಗೋಣು?" ಎಂದೆ.

ಅವಳು ಆಗಲೇ ಸೋಮವಾರಕ್ಕೆ ಅಲ್ಲಿನ ಜನರನ್ನು ಗೊತ್ತುಮಾಡಿ ಇಟ್ಟಿದ್ದಳು.