ಕಡಗೋಲಿಗೆ ಏಳದ ನೊರೆ

ಗಂಡನ ಬಾಯಿಯ ಆಪರೇಷನ್ ಮುಗಿಸಿಕೊಂಡು ಮಸ್ಕಿಯ ಮನೆಗೆ ಬಂದ ಮೇಲೆ ನಾನು ಮರಗಟ್ಟಿ ಹೋಗಿದ್ದೆ. ಅಳು ಬರುತ್ತಿರಲಿಲ್ಲ. ಸಿಟ್ಟು ಬರುತ್ತಿತ್ತು, ಅದೂ ಅರ್ಧ ದಾರಿಗೆ ಬಂದು ನಿಂತುಬಿಡುತ್ತಿತ್ತು. ನೋಡಲು ಬಂದವರು, “ಗುಟ್ಕಾ ಬಿಡಸಬೇಕಿತ್ತಲ್ಲವಾ, ನೀ ಏನ್ ಮಾಡ್ತಿದ್ದಿ?” ಎಂದು ನನ್ನನ್ನೇ ಕೇಳುತ್ತಿದ್ದರು. ಮದುವೆಯಾದಂದಿನಿಂದ ಬಡಕೊಂಡಿದ್ದೇನೆ ಎಂದು ಹೇಳುವುದಕ್ಕೂ ಬೇಸರ. ಅವರಿಗೆ ಚಹಾ ಕೊಟ್ಟು, ಕಪ್ಪು ತೊಳೆದು ಬೋರಲು ಹಾಕುತ್ತಿದ್ದೆ.

ವಾರಕ್ಕೊಮ್ಮೆ ಬಸ್ಸಿನಲ್ಲಿ ಸಿಂಧನೂರಿಗೆ ಹೋಗಿ ಡಾಕ್ಟರಿಗೆ ತೋರಿಸಿ ಬರಬೇಕಿತ್ತು. ಅವರು ಮೊದಲು ಮಾಡುತ್ತಿದ್ದದ್ದು ತೂಕ ನೋಡುವುದು. ನಮ್ಮದು ಗೊಬ್ಬರದ ಅಂಗಡಿ. ಊರಿಗೆಲ್ಲ ಚೀಲ ತೂಗಿ ಕೊಟ್ಟ ಮನುಷ್ಯ ಚಪ್ಪಲಿ ಬಿಟ್ಟು ಕಾಟಾದ ಮೇಲೆ ನಿಂತರೆ ಮುಳ್ಳು ಪ್ರತಿ ಸಲವೂ ಸ್ವಲ್ಪ ಹಿಂದಕ್ಕೇ ಸರಿಯುತ್ತಿತ್ತು. ಒಂದು ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು.

“ಹಿಂಗ ಇಳಕೋತ ಹೋದ್ರ ಕರೆಂಟ್ ತಡಕೊಳ್ಳಾಕ ಆಗಂಗಿಲ್ರಿ ಇವರಿಗೆ. ದೊಡ್ಡ ದವಾಖಾನಿಯವರು ಶುರುನೇ ಮಾಡಂಗಿಲ್ಲ. ಕರೆಂಟ್ ಕೊಡಲಿಲ್ಲಂದ್ರ ಬ್ಯಾನಿ ತಿರುಗಿ ಬರತೈತಿ. ತತ್ತಿ ಕೊಡ್ರಿ ದಿನಾ.”

ನಮ್ಮ ಕಡೆ ರೇಡಿಯೇಷನ್‌ಗೆ ಕರೆಂಟ್ ಅನ್ನುತ್ತಾರೆ. ಅದಕ್ಕೂ ತೂಕಕ್ಕೂ ಸಂಬಂಧವಿದೆ ಅನ್ನುವುದು ನನಗೆ ಅವತ್ತು ಗೊತ್ತಾಯಿತು.

ಮೊಟ್ಟೆ ನಮ್ಮ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಅತ್ತೆ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕಿದವರಲ್ಲ. ಆಸ್ಪತ್ರೆಯಲ್ಲಿ ನರ್ಸು ಹಾಲಿನಲ್ಲಿ ಹಸಿ ಮೊಟ್ಟೆ ಕದಡಿ ತಂದಾಗ ಇವರು ಮೂಗಿಗೆ ವಾಸನೆ ಬಡಿದದ್ದೇ ವಾಂತಿ ಮಾಡಿಕೊಂಡಿದ್ದರು. ಈಗ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ನಾನು ಮತ್ತೆ ಮಾತು ತೆಗೆದೆ. ಆಪರೇಷನ್ ಆದ ಮೇಲೆ ಅವರ ಮಾತು ತೊದಲುತ್ತಿತ್ತು. ಅತ್ತೆಗೆ ಮತ್ತು ನನಗೆ ಮಾತ್ರ ತಿಳಿಯುತ್ತಿತ್ತು.

“ಅವ್ವ ಇರೂ ಮನ್ಯಾಗ ನಾ ತತ್ತಿ ತಿನ್ನಂಗಿಲ್ಲ.”

“ಔಷಧ ಅಂತ ತಿಳಕೊಳ್ರಿ.”

“ತಿಂದು ಅಕಿ ಮಾರಿ ಹೆಂಗ ನೋಡ್ಲಿ? ಸತ್ರ ಸಾಯ್ತೀನಿ, ಬಿಡು.”

ಎಷ್ಟು ಸಲೀಸಾಗಿ ಸಾಯುತ್ತೇನೆ ಅನ್ನುತ್ತಾರಲ್ಲ ಈ ಗಂಡಸರು ಎಂದುಕೊಂಡೆ. ಮಾತ್ರೆ ತರುತ್ತೇನೆಂದು ಹೇಳಿ ಎದ್ದು ಹೋಗಿ, ರಸ್ತೆಯಾಚೆಯ ಅಂಗಡಿಯಲ್ಲಿ ಮೊಟ್ಟೆ ಕೊಂಡು, ಸ್ಟೀಲ್ ಡಬ್ಬಿಯಲ್ಲಿ ಪೇಪರ್ ತುರುಕಿ ಇಟ್ಟುಕೊಂಡೆ. ಮಸ್ಕಿಯಲ್ಲಿ ಕೊಂಡಿದ್ದರೆ ನನಗಿಂತ ಮೊದಲು ಸುದ್ದಿ ಮನೆ ಮುಟ್ಟುತ್ತಿತ್ತು.

ಮಾಡುವ ಬಗೆ ಫೋನಿನಲ್ಲಿ ಸಿಕ್ಕಿತು. ಹಲ್ಲಿಗೆ ಕೆಲಸವಿಲ್ಲದ ತಿನಿಸುಗಳನ್ನು ಹುಡುಕುತ್ತಿದ್ದಾಗ ಬಂದ ವಿಡಿಯೋ. ಫ್ರಾನ್ಸ್ ದೇಶದ ಸಿಹಿಯಂತೆ. ಮೊಟ್ಟೆಯ ಬಿಳಿಯನ್ನು ಸಕ್ಕರೆ ಹಾಕಿ ನೊರೆ ಬರುವಂತೆ ಬಡಿದು, ಉಂಡೆ ಮಾಡಿ ಹಾಲಿನಲ್ಲಿ ಬೇಯಿಸುವುದು. ಹಳದಿಯನ್ನು ಅದೇ ಹಾಲಿಗೆ ಕೂಡಿಸಿ ಕಸ್ಟರ್ಡ್ ಕಾಯಿಸುವುದು. ಕಸ್ಟರ್ಡಿನ ಮೇಲೆ ಬಿಳಿ ಉಂಡೆ ತೇಲಬೇಕು. ತೇಲುವ ದ್ವೀಪ ಅಂತ ಅದರ ಹೆಸರು. ನಮ್ಮ ಮಸ್ಕಿಯ ಬಿಸಿಲಿನಲ್ಲಿ ದ್ವೀಪ ತೇಲಿಸಲು ಹೊರಟಿದ್ದೇನೆ ಅನ್ನಿಸಿ ನಗು ಬರಬೇಕಿತ್ತು, ಬರಲಿಲ್ಲ. ನುಂಗಲು ಸುಲಭ, ಏಲಕ್ಕಿ ಹಾಕಿದರೆ ವಾಸನೆ ಮುಚ್ಚುತ್ತದೆ, ಅಷ್ಟೇ ನನಗೆ ಬೇಕಾಗಿದ್ದದ್ದು.

ಅತ್ತೆ ಮಠಕ್ಕೆ ಹೋದ ಮಧ್ಯಾಹ್ನ ಹಿತ್ತಲಲ್ಲಿ ಹಳೆಯ ಗ್ಯಾಸ್ ಒಲೆ ಹೂಡಿದೆ. ನಾನು ಹುಟ್ಟಿದ್ದು ಲಿಂಗಸುಗೂರಿನಲ್ಲಿ, ಅಲ್ಲಿಯೂ ಇದೇ ಕಟ್ಟುಪಾಡು. ಮೊಟ್ಟೆ ಒಡೆದು ಗೊತ್ತಿಲ್ಲ. ಮೊದಲನೆಯದು ಅಂಗೈಯಲ್ಲೇ ಒಡೆದು ಮೊಣಕೈವರೆಗೆ ಇಳಿಯಿತು. ಹೇಸಿಗೆಯಾಗಲಿಲ್ಲ. ಕೈ ತೊಳೆದು ಮುಂದಿನದನ್ನು ಒಡೆದೆ. ವಿಡಿಯೋದಲ್ಲಿದ್ದ ಬೀಟರ್ ನಮ್ಮಲ್ಲಿಲ್ಲ. ಬಡಿಯುವುದು ಅಂದರೆ ನನಗೆ ಹೊಳೆದದ್ದು ಕಡಗೋಲು. ಅತ್ತೆ ದಿನ ಬೆಳಿಗ್ಗೆ ಮಜ್ಜಿಗೆ ಕಡೆಯುವ, ಅವರ ತವರಿನಿಂದ ಬಂದ ಕಡಗೋಲನ್ನೇ ತಂದು ಕಡೆದೆ. ರಟ್ಟೆ ಬಿದ್ದುಹೋಗುವಂತೆ ಕಡೆದರೂ ಬಿಳಿ ನೀರಾಗಿಯೇ ಉಳಿಯಿತು, ಮೇಲೆ ಒಂದಿಷ್ಟು ಗುಳ್ಳೆ. ವಿಡಿಯೋ ತಿರುಗಿಸಿ ನೋಡಿದೆ. ಪಾತ್ರೆಗೆ ಎಳ್ಳಷ್ಟೂ ಜಿಡ್ಡು ತಾಗಿರಬಾರದು, ತಾಗಿದರೆ ನೊರೆ ಏಳುವುದಿಲ್ಲ ಎಂದು ಅದರಲ್ಲಿದ್ದ ಹೆಂಗಸು ಮೊದಲೇ ಹೇಳಿದ್ದಳು. ಎಷ್ಟೋ ವರ್ಷಗಳ ಬೆಣ್ಣೆ ಕುಡಿದ ಕಡಗೋಲದು. ತಿಕ್ಕಿ ತೊಳೆದು ಗೂಟಕ್ಕೆ ಸಿಕ್ಕಿಸಿದೆ.

ಮರುದಿನ ಬೆಳಿಗ್ಗೆ ಅತ್ತೆ ಕಡಗೋಲು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದದ್ದನ್ನು ಕಂಡೆ. ನನ್ನ ಕಡೆ ನೋಡಲಿಲ್ಲ. ಹಿತ್ತಲಿಗೆ ಹೋಗಿ ಕಟ್ಟಿಗೆಯ ಒಟ್ಟಿಲಲ್ಲಿ ಅದನ್ನು ಇಟ್ಟು, ಕೈ ತೊಳೆದು ಬಂದು ಪೂಜೆಗೆ ಕೂತರು. ಅವತ್ತು ಮಜ್ಜಿಗೆ ಆಗಲಿಲ್ಲ. ಬೈಯುತ್ತಾರೆ ಎಂದು ಮಧ್ಯಾಹ್ನದವರೆಗೆ ಕಾದೆ. ಬೈದಿದ್ದರೆ ಜಗಳವಾದರೂ ಆಗುತ್ತಿತ್ತು. ಮತ್ತೆ ಒಲೆ ಹೂಡಿದೆ, ಈ ಸಲ ಅವರು ಮನೆಯಲ್ಲಿದ್ದಾಗಲೇ.

ಸ್ಟೀಲ್ ಬೋಗುಣಿಗೆ ನಿಂಬೆಹೋಳು ತಿಕ್ಕಿ ಒರೆಸಿದೆ. ಎರಡು ಫೋರ್ಕ್ ಜೋಡಿಸಿ ದಾರ ಸುತ್ತಿ ಬಡಿಯತೊಡಗಿದೆ. ಮೊದಲು ಸಾಬೂನಿನ ನೀರಿನಂತಾಯಿತು, ಆಮೇಲೆ ಬೆಳ್ಳಗೆ ಉಬ್ಬಿತು. ಸಕ್ಕರೆ ಪುಡಿ ಸ್ವಲ್ಪ ಸ್ವಲ್ಪವೇ ಹಾಕುತ್ತ ಹೋದಂತೆ ಗಟ್ಟಿಯಾಗಿ, ಬೋಗುಣಿ ಬೋರಲು ಮಾಡಿದರೂ ಬೀಳದಂತಾಯಿತು. ಸಣ್ಣ ಉರಿಯ ಹಾಲಿನಲ್ಲಿ ಚಮಚದಿಂದ ಉಂಡೆ ಬಿಟ್ಟೆ. ಉಬ್ಬಿದವು, ಮಗುಚಿದೆ, ತೆಗೆದಿಟ್ಟೆ. ಹಳದಿಗೆ ಬಿಸಿ ಹಾಲು ಹನಿಹನಿಯಾಗಿ ಬೆರೆಸಿ ಒಲೆಯ ಮೇಲಿಟ್ಟು ಕೈ ಬಿಡದೆ ತಿರುವಿದೆ. ಚಮಚದ ಬೆನ್ನಿಗೆ ಅಂಟುವಷ್ಟಾದಾಗ ಇಳಿಸಿ, ಸೋಸಿ, ಏಲಕ್ಕಿ ಹಾಕಿ ಆರಲು ಬಿಟ್ಟೆ. ಸಕ್ಕರೆ ಸರಿಯಾಯಿತೇ ಎಂದು ರುಚಿ ನೋಡಬೇಕಿತ್ತು. ನೋಡಲಿಲ್ಲ. ನಾನೂ ಕೊರಳಿಗೆ ಲಿಂಗ ಕಟ್ಟಿಕೊಂಡವಳೇ.

ಸಂಜೆ ಪಡಸಾಲೆಯಲ್ಲಿ ಇವರು ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಅತ್ತೆ ಕಾಲಿನ ಕಡೆ ಕೂತಿದ್ದರು. ಬಟ್ಟಲು ಹಿಡಿದು ಹೋದೆ.

“ಏನಿದು?”

“ಹಾಲಿನ ಸಿಹಿ. ಫೋನಿನ್ಯಾಗ ನೋಡಿ ಮಾಡೀನಿ.”

ಚಮಚವನ್ನು ತುಟಿಯವರೆಗೆ ಒಯ್ದೆ. ಬಾಯಿ ತೆರೆಯಲಿಲ್ಲ. ಮೂಗು ಅರಳಿತು. ನನ್ನ ಮುಖ ನೋಡಿದರು, ಅಲ್ಲಿ ಏನೂ ಸಿಕ್ಕಿರಲಿಕ್ಕಿಲ್ಲ. ಆಮೇಲೆ ತಾಯಿಯ ಕಡೆ ತಿರುಗಿದರು.

“ಯವ್ವಾ, ಇದರಾಗ ತತ್ತಿ ಐತೇನು?”

ಅತ್ತೆ ಸುಳ್ಳು ಹೇಳಿದ್ದನ್ನು ಇವರು ಕೇಳಿಲ್ಲ, ನಾನೂ ಕೇಳಿಲ್ಲ. ಮುಗಿಯಿತು ಎಂದುಕೊಂಡೆ. ಹಾಲು, ಸಕ್ಕರೆ, ಇಡೀ ಮಧ್ಯಾಹ್ನ, ಮುಂದಿನ ವಾರದ ಕಾಟಾ, ಎಲ್ಲ ಮುಗಿಯಿತು.

ಅತ್ತೆ ಎದ್ದು ಬಂದು ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡರು. ಬಿಳಿ ಉಂಡೆಯನ್ನು ಚಮಚದಿಂದ ಮುರಿದು, ಕೆಳಗಿನ ಹಳದಿಯನ್ನೂ ಕೂಡಿಸಿ ತುಂಬಿಕೊಂಡು, ಮಗನ ಕಣ್ಣೆದುರು ಬಾಯಿಗೆ ಹಾಕಿಕೊಂಡರು. ಉಗುಳುತ್ತಾರೆ ಎಂದುಕೊಂಡೆ. ನಿಧಾನವಾಗಿ ನುಂಗಿದರು.

“ಸಿಹಿ ಐತಿ. ತಿನ್ನಪ್ಪಾ.”

ಇವರು ತಾಯಿಯ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ತೆರೆಯಲು ಬರುವಷ್ಟು ಬಾಯಿ ತೆರೆದರು. ಅತ್ತೆಯೇ ತಿನ್ನಿಸಿದರು. ಬಟ್ಟಲು ಖಾಲಿಯಾಯಿತು, ವಾಂತಿಯಾಗಲಿಲ್ಲ. ನನಗೆ ಖುಷಿಯಾಗಬೇಕಿತ್ತು. ಖಾಲಿ ಬಟ್ಟಲು ತೆಗೆದುಕೊಂಡು ಹಿತ್ತಲಿಗೆ ನಡೆದೆ.

ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಅತ್ತೆ ಬಂದು ಬಾಯಿ ಮುಕ್ಕಳಿಸಿದರು. ಮತ್ತೆ ಮತ್ತೆ ಮುಕ್ಕಳಿಸಿ ಸೆರಗಿನಿಂದ ಒರೆಸಿಕೊಂಡು ಅಲ್ಲೇ ನಿಂತರು.

“ಅತ್ತೀ, ನಿಮಗ ಗೊತ್ತಿತ್ತಲ್ರಿ,” ಎಂದೆ.

“ಗೊತ್ತಿತ್ತು.” ನನ್ನ ಕೈಯಲ್ಲಿದ್ದ ಬೋಗುಣಿ ತೋರಿಸಿದರು. “ಇದನ್ನ ಎಷ್ಟ್ ದಿನ ಮಾಡಬೇಕು?”

“ಕರೆಂಟ್ ಮುಗಿಯೂ ತನಕಾರ ಮಾಡಬೇಕ್ರಿ.”

“ಹಂಗಾರ ದಿನಾ ಎರಡು ಚಮಚೆ ಇಡು, ನನಗೊಂದು, ಅವಗೊಂದು. ಮದಲ ನಾ ತಿಂತೀನಿ.”