ಕಮೆಂಟುಗಳಿಗೆ ಹೆಸರು ಮರಳಿಸುವ ಬಾಗಿಲಕ್ಕ

ಮೊದಲ ಒಬ್ಬೆ ಬ್ರೆಡ್ಡು ಒಲೆ ಸೇರಿದೆ. ಹೊರಗೆ ಬೀದಿದೀಪಗಳು ಇನ್ನೂ ಆರಿಲ್ಲ. ಬೇಕರಿಯ ಹಿಂಬದಿಯ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಮೊಣಕೈವರೆಗೆ ಹತ್ತಿದ ಹಿಟ್ಟನ್ನು ಒರೆಸಿಕೊಂಡು, ಮೈದಾ ಮೂಟೆಯ ಮೇಲೆ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತಾರೆ. ಕೀಲಿಗಳ ಸಂದಿಯಲ್ಲೂ ಹಿಟ್ಟು. ಪರದೆಯ ಎಡಕ್ಕೊಂದು ಪುಟ, ಬಲಕ್ಕೊಂದು ಪುಟ. ಎಡಗಡೆ ಒಂದು ಹೆಸರು ಓದಿ, ಬಲಗಡೆ ‘ಅನಾಮಿಕ’ ಎಂದಿರುವ ಕಡೆ ಅದನ್ನು ಒಂದೇ ಬೆರಳಿನಲ್ಲಿ ಬರೆಯುತ್ತಾರೆ. ಬ್ರೆಡ್ಡು ಬೆಂದ ವಾಸನೆ ಬರುವವರೆಗೂ ಇದೇ ಕೆಲಸ. ಗಡಿಯಾರ ಬೇಕಿಲ್ಲ, ಮೂಗೇ ಹೇಳುತ್ತದೆ.

ಒಮ್ಮೊಮ್ಮೆ ಮೂಗೂ ಮರೆಯುತ್ತದೆ. “ಆ ಬಾಗಿಲು ಆಮೇಲೆ ತೆಗೀ ತಾಯಿ, ಮೊದಲು ಒಲೆ ಬಾಗಿಲು ತೆಗಿ!” ಎಂದು ಮುಂದಿನ ಕೋಣೆಯಿಂದ ಮಾಲೀಕರು ಕೂಗುತ್ತಾರೆ.

“ಬಂದೆ ಅಣ್ಣಾ, ಒಂದೇ ಒಂದು ಹೆಸರು.”

ಮಾಲೀಕರು ರೇಗಿಸುವ ಆ ಬಾಗಿಲು ‘ಜಗಲಿ’ ಎಂಬ ಬ್ಲಾಗ್ ತಾಣದ್ದು. ಅಲ್ಲಿ ಯಾರು ಬೇಕಾದರೂ ತಮ್ಮದೊಂದು ಪುಟ ತೆರೆದು ಬರೆಯಬಹುದು. ಓದಿದವರು ಕೆಳಗೆ ಕಮೆಂಟು ಹಾಕಬಹುದು. ಬೈಗುಳ, ಜಾಹೀರಾತುಗಳನ್ನು ಸೋಸಿ ಕಮೆಂಟುಗಳನ್ನು ಒಳಗೆ ಬಿಡುವುದಕ್ಕೆ ಒಬ್ಬರು ಬೇಕು. ಹದಿನೈದು ವರ್ಷದಿಂದ ಆ ಒಬ್ಬರು ಇವರೇ. ಸಂಬಳವಿಲ್ಲ. ಜಗಲಿಯವರು ಕೊಟ್ಟಿದ್ದು ಹೆಸರು ಮಾತ್ರ: ಬಾಗಿಲಕ್ಕ.

ಬೇಕರಿ ಸೇರಿದ ಹೊಸದರಲ್ಲಿ, ಎಷ್ಟು ನಾದಿದರೂ ಹಿಟ್ಟು ಉಬ್ಬದ ಸಂಕಟವನ್ನು ಅವರು ಜಗಲಿಯಲ್ಲಿ ಬರೆದರು. ಎರಡು ದಿನ ಯಾರೂ ತುಟಿ ಬಿಚ್ಚಲಿಲ್ಲ. “ತುಂಬಿದ ಮನೆಗೆ ಹೋಗಿ, ಯಾರೂ ಮಾತಾಡಿಸದೆ ವಾಪಸ್ ಬಂದ ಹಾಗಾಯ್ತು. ಪುಟ ಮುಚ್ಚೇಬಿಡೋಣ ಅಂತಿದ್ದೆ” ಎನ್ನುತ್ತಾರೆ. ಮೂರನೆಯ ದಿನ ‘ಕಂಡಕ್ಟರ್’ ಎಂಬ ಹೆಸರಿನಲ್ಲಿ ಒಂದು ಕಮೆಂಟು ಬಂತು: “ಓದಿದೆ. ನಮ್ಮ ಬಸ್ಸೂ ಹೀಗೇ, ಬಿಸಿಯಾಗೋ ತನಕ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಮುಂದಿನ ಸ್ಟಾಪ್ ಯಾವಾಗ?”

ಬಾಗಿಲ ಕೆಲಸ ಕೈಗೆ ಬಂದಾಗ ಅವರು ಮಾಡಿಕೊಂಡ ನಿಯಮ ಹುಟ್ಟಿದ್ದು ಅಲ್ಲಿಂದಲೇ. ಯಾರದೇ ಮೊದಲ ಬರಹ ಮಾತಿಲ್ಲದೆ ಸಂಜೆ ಕಾಣಬಾರದು. ಬೇರೆ ಯಾರೂ ಬರೆಯದಿದ್ದರೆ ತಾವೇ ಬರೆಯಬೇಕು.

ಆಗೆಲ್ಲ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಕ್ಕು ಸಾಕುವುದು ಸರಿಯೋ ತಪ್ಪೋ ಎಂದು ಶುರುವಾದ ಜಗಳ ತಿಂಗಳುಗಟ್ಟಲೆ ಎಳೆಯಿತು. ಜಗಳವಾಡಿದ ಇಬ್ಬರು ಕೊನೆಗೆ ಮದುವೆಯೇ ಆದರು. ಎಂಜಿನಿಯರಾದ ಆ ಹುಡುಗನನ್ನು ಇವತ್ತಿಗೂ ಎಲ್ಲರೂ ‘ಅಳಿಯ’ ಎಂದೇ ಕರೆಯುತ್ತಾರೆ. ತಾಣದ ಯಂತ್ರದ ಉಸ್ತುವಾರಿ ಅವರದೇ.

ಬರಬರುತ್ತಾ ಜಗಲಿ ಖಾಲಿಯಾಯಿತು. “ಮೊದಲು ಬರಹ ಗಿಡ್ಡ ಆಯ್ತು. ಆಮೇಲೆ ಫೋಟೋ ಆಯ್ತು. ಆಮೇಲೆ ಬರೀ ಹೆಬ್ಬೆಟ್ಟು. ನಮ್ಮಜ್ಜಿ ಓದು ಬರದೆ ಹೆಬ್ಬೆಟ್ಟು ಒತ್ತುತಿದ್ರು, ಈಗ ಓದು ಬಂದೋರೇ ಒತ್ತುತಾರೆ” ಎಂದು ನಗುತ್ತಾರೆ. ದಿನಕ್ಕೆ ನಲವತ್ತು ಐವತ್ತು ಕಮೆಂಟು ಬರುತ್ತಿದ್ದ ಕಡೆ ಈಗ ಐದಾರು ಬಂದರೆ ಹೆಚ್ಚು. ಅವುಗಳಲ್ಲೂ ಬಹುಪಾಲು ಯಂತ್ರಗಳು ಬರೆದವು. “ಹೊಗಳೋಕೆ ಬಂದು ನಿಂತಿರ್ತಾವೆ. ಕಳ್ಳರಾದ್ರೆ ಬೈದು ಓಡಿಸಬಹುದು, ಇವಕ್ಕೆ ಬೈದ್ರೂ ಕೇಳಿಸಲ್ಲ.”

ಈ ವರ್ಷ, ತಾಣಕ್ಕೆ ಜಾಗ ಕೊಟ್ಟಿದ್ದ ಕಂಪನಿ ಹಳೆಯ ಯಂತ್ರಗಳನ್ನು ಮುಚ್ಚುವುದಾಗಿ ತಿಳಿಸಿತು. ಅಳಿಯ ಎಲ್ಲವನ್ನೂ ಹೊಸ ಜಾಗಕ್ಕೆ ಸಾಗಿಸಿದರು. ಬರಹಗಳು ಬಂದವು, ಕಮೆಂಟುಗಳೂ ಬಂದವು. ಆದರೆ ದಾರಿಯಲ್ಲಿ ಕಮೆಂಟುಗಳ ಹೆಸರೆಲ್ಲ ಉದುರಿಹೋಗಿ, ಪ್ರತಿಯೊಂದರ ಮೇಲೂ ‘ಅನಾಮಿಕ’ ಎಂದು ಕೂತಿತ್ತು. ಸರಿಪಡಿಸಲು ಅಳಿಯ ವಾರವೆಲ್ಲ ತಿಣುಕಾಡಿ ಕೈಚೆಲ್ಲಿದರು.

“ಬಿಟ್ಬಿಡಿ ಅಕ್ಕಾ, ಬರಹ ಬಂತಲ್ಲ. ಯಾವನೋ ಯಾವತ್ತೋ ಚೆನ್ನಾಗಿದೆ ಅಂದಿದ್ದಕ್ಕೆ ಹೆಸರು ಯಾಕೆ?”

“ನಿಮ್ಮ ಮದುವೆ ಆಗಿದ್ದು ಬರಹದಿಂದ ಅಲ್ಲ ಅಳಿಯಂದ್ರೇ, ಕಮೆಂಟಿಂದ. ಈಗ ಹೋಗಿ ನೋಡಿ, ಅಲ್ಲಿ ಅನಾಮಿಕ ಒಬ್ಬ ಇನ್ನೊಬ್ಬ ಅನಾಮಿಕನ ಜೊತೆ ಬೆಕ್ಕಿನ ವಿಷಯಕ್ಕೆ ಕಿತ್ತಾಡ್ತಿದಾನೆ.”

ಹಳೆಯ ಪುಟಗಳು ಈ ತಿಂಗಳ ಕೊನೆಯವರೆಗೆ ಮಾತ್ರ ಕಾಣುತ್ತವೆ. ಅಷ್ಟರೊಳಗೆ ಅವನ್ನು ನೋಡಿ ಹೊಸ ಪುಟಗಳಲ್ಲಿ ಹೆಸರು ತುಂಬಬೇಕು. ಬಾಗಿಲಕ್ಕ ಮೈದಾ ಮೂಟೆಯ ಮೇಲೆ ಕೂತದ್ದು ಹೀಗೆ. ಅಳಿಯ ಮತ್ತವರ ಹೆಂಡತಿಯೂ ಬಿಡುವಾದಾಗ ಕೈಜೋಡಿಸುತ್ತಾರೆ.

ಹೆಸರು ಮರಳಿಸಿದಾಗಲೆಲ್ಲ ಯಂತ್ರ ತನ್ನ ಅಭ್ಯಾಸದಂತೆ ಆ ಹೆಸರಿನವರಿಗೆ ಒಂದು ಮಿಂಚಂಚೆ ಕಳಿಸುತ್ತದೆಂದು ಯಾರಿಗೂ ನೆನಪಿರಲಿಲ್ಲ: ‘ನಿಮ್ಮ ಕಮೆಂಟು ಪ್ರಕಟವಾಗಿದೆ.’ ಜೊತೆಗೆ ಕಮೆಂಟಿನ ಪೂರ್ತಿ ಪಠ್ಯ. ಜಗಲಿಯಲ್ಲಿ ಎಲ್ಲದಕ್ಕೂ ತಗಾದೆ ತೆಗೆಯುತ್ತಿದ್ದ ‘ತಕರಾರಜ್ಜ’ನಿಂದ ತಕ್ಷಣ ಉತ್ತರ ಬಂತು: “ಹತ್ತು ವರ್ಷದ ಹಿಂದಿನ ಜಗಳ ಇವತ್ಯಾಕೆ ಹಾಕಿದ್ರಿ? ಇರಲಿ, ಈಗಲೂ ನಾನು ಹೇಳಿದ್ದೇ ಸರಿ.” ಮರೆತೇಹೋಗಿದ್ದವರು ತಮ್ಮ ಹಳೆಯ ಮಾತನ್ನು ಓದಲು ಒಬ್ಬೊಬ್ಬರೇ ಇಣುಕತೊಡಗಿದರು.

ಕಂಡಕ್ಟರ್ ವಿಳಾಸದಿಂದಲೂ ಒಂದು ಉತ್ತರ ಬಂತು. “ಅಪ್ಪ ಹೋಗಿ ಎರಡು ವರ್ಷ ಆಯ್ತು. ಇವತ್ತು ಅವರ ಹೆಸರಿಗೆ ಪತ್ರ ಬಂದಿದೆ. ನೀವು ಯಾರು?”

ಆ ದಿನ ಒಂದು ಟ್ರೇ ಬ್ರೆಡ್ಡು ಸೀದು ಕರಕಲಾಯಿತು. ಮಾಲೀಕರೇ ಬಂದು ಒಲೆಯ ಬಾಗಿಲು ತೆಗೆದರು.

“ಎಲ್ಲರ ಹಾಗೆ ಅವರೂ ಜಗಲಿ ಇಳಿದು ಹೋದ್ರು ಅಂದ್ಕೊಂಡಿದ್ದೆ. ಒಳಗೊಳಗೇ ಮುನಿಸಿಕೊಂಡೂ ಇದ್ದೆ” ಎನ್ನುತ್ತಾರೆ ಬಾಗಿಲಕ್ಕ.

ಉತ್ತರ ಬರೆದ ಕಂಡಕ್ಟರ್ ಮಗಳು ಆಸ್ಪತ್ರೆಯಲ್ಲಿ ನರ್ಸ್. ಅಪ್ಪನಿಗೆ ಇಂಥದೊಂದು ಒಡನಾಟವಿತ್ತೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. “ಬಸ್ ನಿಂತ ಕಡೆಯೆಲ್ಲ ಫೋನ್ ನೋಡ್ತಿದ್ರಂತೆ. ಆಟದ ಸ್ಕೋರ್ ಇರಬೇಕು ಅಂತ ನಾವು ರೇಗಿಸ್ತಿದ್ವಿ” ಎನ್ನುತ್ತಾರೆ. ಬಾಗಿಲಕ್ಕ ನಡೆದದ್ದನ್ನೆಲ್ಲ ವಿವರಿಸಿ ಬರೆದಾಗ ಅವರು ಕೇಳಿದ್ದು ಒಂದೇ: “ಇನ್ನೂ ಇವೆಯಾ?”

ಕಂಡಕ್ಟರ್ ಎಂದೂ ಸ್ವಂತ ಪುಟ ತೆರೆದವರಲ್ಲ. ಅವರ ಮಾತೆಲ್ಲ ಬೇರೆಯವರ ಬರಹಗಳ ಕೆಳಗೆ ಚೆದುರಿಬಿದ್ದಿತ್ತು. ಅಂದಿನಿಂದ ಬಾಗಿಲಕ್ಕ ಉಳಿದವರನ್ನು ಬದಿಗಿಟ್ಟು ಅವರನ್ನೇ ಹುಡುಕತೊಡಗಿದರು. “ಎಲ್ಲರದ್ದೂ ಮುಗಿಯಲ್ಲ ಅಂತ ಗೊತ್ತು. ಪುಟ ಇದ್ದೋರ ಹೆಸರು ಅವರವರ ಪುಟದಲ್ಲಾದ್ರೂ ಇರುತ್ತೆ. ಇವರದ್ದು ಇನ್ನೆಲ್ಲಿದೆ ಹೇಳಿ?”

ಗಂಡನನ್ನು ಕಳೆದುಕೊಂಡವಳೊಬ್ಬಳ ಬರಹದ ಕೆಳಗೆ ಕಂಡಕ್ಟರ್ ಬರೆದದ್ದು ಹೀಗಿತ್ತು: “ಓದಿದೆ. ಧೈರ್ಯ ಹೇಳಲು ಬರುವುದಿಲ್ಲ. ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂತಿರುತ್ತೇನೆ.” ಅವರ ಉಳಿದ ಕಮೆಂಟುಗಳೆಲ್ಲ ಮುಗಿಯುವುದು ಮುಂದಿನ ಸ್ಟಾಪಿನ ಪ್ರಶ್ನೆಯಿಂದಲೇ; ಆ ಒಂದರಲ್ಲಿ ಮಾತ್ರ ಅದಿಲ್ಲ.

ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಮನೆಗೆ ಹೋಗುವಾಗ ಮಗಳು ಅಪ್ಪನ ಅಂಚೆ ತೆರೆಯುತ್ತಾರೆ. ದಿನವೂ ಎರಡೋ ಮೂರೋ ಬಂದಿರುತ್ತವೆ. ಹೋದ ವಾರ ಅವರೇ ಜಗಲಿಯಲ್ಲಿ ಪುಟ ತೆರೆದು ಎರಡು ಸಾಲು ಬರೆದರು: “ಅಪ್ಪ ಮನೆಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಇಷ್ಟೊಂದು ಮಾತು ಎಲ್ಲಿಟ್ಟಿದ್ದರು ಎಂದು ಈಗ ತಿಳಿಯಿತು.”

ಮೊದಲ ಬರಹ. ಬಾಗಿಲಕ್ಕ ದಿನವಿಡೀ ಹಿಟ್ಟು ನಾದುತ್ತಾ ಮನಸ್ಸಿನಲ್ಲೇ ಒಂದು ಕಮೆಂಟು ಸಿದ್ಧಮಾಡಿಕೊಂಡರು. ಸಂಜೆ ಕೈ ತೊಳೆದು ಕೂತರೆ, ಬಾಗಿಲಲ್ಲಿ ಸಾಲು ನಿಂತಿದೆ. ಮೊದಲಿಗೆ ತಕರಾರಜ್ಜ: “ಓದಿದೆ. ಮುಂದಿನ ಸ್ಟಾಪ್ ಯಾವಾಗ?” ಅವರ ಹಿಂದೆ ಬಂದವರೂ ಅದನ್ನೇ ಬರೆದಿದ್ದರು. ಒಂದೂ ಯಂತ್ರದ್ದಲ್ಲ. “ನಾನು ಯೋಚಿಸಿಟ್ಟಿದ್ದು ಬೇಕಾಗ್ಲೇ ಇಲ್ಲ ನೋಡಿ” ಎನ್ನುವಾಗ ಅವರ ಮುಖ ಅರಳುತ್ತದೆ.

ತಿಂಗಳು ಮುಗಿಯಲು ಇನ್ನು ಕೆಲವೇ ದಿನ. ಕಂಡಕ್ಟರ್ ಕಮೆಂಟುಗಳಲ್ಲಿ ಹೆಸರು ಸೇರದೆ ಉಳಿದಿರುವುದು ಒಂದೇ. ಅದು ಬಾಗಿಲಕ್ಕನ ಸ್ವಂತ ಪುಟದ್ದು, ಉಬ್ಬದ ಹಿಟ್ಟಿನ ಕೆಳಗಿನದು. ಇವತ್ತೂ ಆ ಪುಟ ತೆರೆದರು. ಓದಿದರು. ಹಾಗೇ ಮುಚ್ಚಿದರು.

“ಕೊನೇ ದಿನ ಹಾಕ್ತೀನಿ. ಅಲ್ಲೀವರೆಗೂ ಆ ಹುಡುಗಿಗೆ ಅಪ್ಪಂದು ಇನ್ನೂ ಒಂದು ಬರೋದಿದೆ ಅಂತ ಇರಲಿ” ಎನ್ನುತ್ತಾ, ಮಾಲೀಕರು ಕೂಗುವ ಮೊದಲೇ ಎದ್ದು ಒಲೆಯ ಬಾಗಿಲು ತೆಗೆಯುತ್ತಾರೆ.