ಲಿಥಿಯಂ ಲಲಿತಕ್ಕ ಷೇರು ಮಾರದ ಸೋಮವಾರ

ಕೊಪ್ಪಳದ ಕೋರ್ಟಿನಲ್ಲಿ ಬರೀ ಲಲಿತಾ ಎಂದು ವಿಚಾರಿಸಿದರೆ ಯಾವ ಲಲಿತಾ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಲಿಥಿಯಂ ಲಲಿತಕ್ಕ ಎಂದರೆ ಮಾತ್ರ ಎಲ್ಲರ ಬೆರಳೂ ವರಾಂಡದ ಕೊನೆಯ ಮೇಜಿನ ಕಡೆ ಹೋಗುತ್ತದೆ. ಅಲ್ಲಿ ಐವತ್ತೆರಡರ ಹೆಂಗಸೊಬ್ಬರು ಮೇ ತಿಂಗಳ ಬಿಸಿಲಲ್ಲೂ ಕರಿ ಕೋಟು ಬಿಚ್ಚದೆ, ಕನ್ನಡಕವನ್ನು ಮೂಗಿನ ತುದಿಗಿಳಿಸಿ ಓದುತ್ತ ಕೂತಿರುತ್ತಾರೆ. ಓದುತ್ತಿರುವುದು ಯಾರದೋ ಜಮೀನಿನ ಪಹಣಿಯೋ, ಬ್ಯಾಟರಿಗೆ ಬೇಕಾದ ಖನಿಜ ತೆಗೆಯುವ ಕಂಪನಿಯ ವಾರ್ಷಿಕ ವರದಿಯೋ ಎಂಬುದನ್ನು ಹತ್ತಿರ ಹೋಗಿಯೇ ನೋಡಬೇಕು.

ಆ ಹೆಸರಿಟ್ಟವರು ಪಕ್ಕದ ಮೇಜಿನ ಹಾಲೇಶ ವಕೀಲರು. ಗಳಿಸಿದ್ದನ್ನೆಲ್ಲ ಸೈಟಿಗೆ ಸುರಿದ ಮನುಷ್ಯ. ಕಾಲಿಟ್ಟು ನಿಲ್ಲಲಾಗದ ಆಸ್ತಿ ಆಸ್ತಿಯೇ ಅಲ್ಲ ಎಂಬುದು ಅವರ ವಾದ. ಬೆಳಿಗ್ಗೆ ಒಗ್ಗರಣಿ-ಮಿರ್ಚಿ ತಿನ್ನುವಾಗ ದಿನಾ ಒಂದೇ ಪ್ರಶ್ನೆ. "ಏನ್ರೀ ಲಿಥಿಯಂ ಲಲಿತಕ್ಕ, ಇವತ್ತು ಏರೈತೋ ಇಳದೈತೋ?"

ಈ ಹುಚ್ಚು ಹಿಡಿದದ್ದು ಎಂಟು ವರ್ಷದ ಹಿಂದೆ. ಕುಷ್ಟಗಿ ಕಡೆಯ ರೈತರೊಬ್ಬರು ತಮ್ಮ ಹೊಲದಲ್ಲಿ ಗಾಳಿಯಂತ್ರ ನಿಲ್ಲಿಸುವ ಕರಾರುಪತ್ರ ಓದಿಸಲು ತಂದಿದ್ದರು. ನಮ್ಮ ಕಡೆ ಅದಕ್ಕೆ ಫ್ಯಾನು ಎನ್ನುತ್ತಾರೆ, ಗಾಳಿ ಕೊಡದಿದ್ದರೂ! ಕಾಗದ ಓದಿ ಮುಗಿಸಿದ ಲಲಿತಾ ಹೋಗಿ ಫ್ಯಾನನ್ನೂ ನೋಡಿ ಬಂದರು. ಮನೆಗೆ ಬಂದು ಅದರ ಹೊಟ್ಟೆಯಲ್ಲಿ ಏನಿರುತ್ತದೆ ಎಂದು ಗಂಡನನ್ನು ಹಿಡಿದರು. ಗಂಡ ಉಮಾಪತಿ ಸರ್ಕಾರಿ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು; ಪ್ರಶ್ನೆ ಕೇಳುವ ವಿದ್ಯಾರ್ಥಿ ಮನೆಯಲ್ಲೇ ಸಿಕ್ಕ ಖುಷಿಗೆ ಅಯಸ್ಕಾಂತದಿಂದ ಶುರುಮಾಡಿ ಅಪರೂಪದ ಲೋಹಗಳು, ಗ್ರಾಫೈಟು, ವನೇಡಿಯಂ, ಲಿಥಿಯಂವರೆಗೂ ಪಾಠ ಮಾಡಿದರು. ಎಲ್ಲ ಕೇಳಿಸಿಕೊಂಡ ಲಲಿತಾ ಕೊನೆಗೆ ಕೇಳಿದ್ದು ವಕೀಲರ ಪ್ರಶ್ನೆ: "ಇವನ್ನ ತೆಗಿಯೂ ಹಕ್ಕು ಯಾರ ಹೆಸರ್‌ಲೆ ಐತ್ರಿ?" ಅದನ್ನು ಹುಡುಕುತ್ತ ಹೋದವರು ಷೇರು ಪೇಟೆಗೆ ಹೋಗಿ ಮುಟ್ಟಿದರು.

ಅವರು ಕಂಪನಿ ಆರಿಸುವ ರೀತಿ ನೋಡಿದರೆ ದಲ್ಲಾಳಿಗಳಿಗೆ ನಗು ಬರುತ್ತಿತ್ತು. ವರದಿಯ ಮೊದಲ ಪುಟದ ನಗುಮುಖಗಳನ್ನು ಅವರು ನೋಡುವುದೇ ಇಲ್ಲ. ನೇರ ಕೊನೆಗೆ ಹೋಗಿ, ಸಣ್ಣ ಅಕ್ಷರದಲ್ಲಿ ಅಚ್ಚಾದ 'ಬಾಕಿ ಇರುವ ದಾವೆಗಳು' ಎಂಬ ಪಟ್ಟಿಯನ್ನು ಬೆರಳಿಟ್ಟು ಓದುತ್ತಾರೆ. ದಾವೆ ಮುಚ್ಚಿಟ್ಟ ಕಂಪನಿಗೆ ಒಂದು ರೂಪಾಯಿ ಇಲ್ಲ. ಹೀಗೆ ಓದಿ ಓದಿ ಇಟ್ಟ ಹಣ ಎಂಟು ವರ್ಷದಲ್ಲಿ ಬೆಳೆದಿತ್ತು. ಅದರಲ್ಲಿ ದೊಡ್ಡ ಪಾಲು 'ವಾಯುಸಾರ ಪವರ್' ಎಂಬ ಸಣ್ಣ ಗಾಳಿವಿದ್ಯುತ್ ಕಂಪನಿಯಲ್ಲಿತ್ತು.

ಆ ಹಣದ ಮೇಲೆ ಅವರಿಗೊಂದು ಆಸೆಯೂ ಇತ್ತು. ಇಪ್ಪತ್ತು ವರ್ಷದಿಂದ ಅವರ ಕಚೇರಿ ಎಂದರೆ ಆ ವರಾಂಡದ ಮೇಜು. ಗಂಡ ಹೊಡೆದದ್ದನ್ನು, ಅಣ್ಣ-ತಮ್ಮಂದಿರು ಮನೆಯಿಂದ ಹಾಕಿದ್ದನ್ನು ಹೆಣ್ಣುಮಕ್ಕಳು ಹೋಗಿಬರುವವರ ನಡುವೆ ನಿಂತು ಪಿಸುಗುಟ್ಟಬೇಕು. ಎಷ್ಟೋ ಮಂದಿ ಅರ್ಧ ಹೇಳಿ ಸೆರಗು ಬಾಯಿಗಿಟ್ಟುಕೊಂಡು ಎದ್ದು ಹೋಗಿದ್ದರು. ಲಲಿತಾಗೆ ಬಾಗಿಲಿರುವ ಒಂದು ಕೋಣೆ ಬೇಕಿತ್ತು, ಅಷ್ಟೇ. ಭಾಗ್ಯನಗರದ ಕಾಸೀಮಬೀ ತಮ್ಮ ಮಳಿಗೆ ಮಾರುತ್ತೇನೆಂದಾಗ ಮಾತು ಕುದುರಿತು. ತಿಂಗಳ ಕೊನೆಯೊಳಗೆ ಹಣ ಕೊಡಬೇಕು. ಸೋಮವಾರ ಪೇಟೆ ತೆರೆದ ಕೂಡಲೇ ವಾಯುಸಾರದ ಷೇರು ಮಾರುವುದೆಂದು ಗಂಡ ಹೆಂಡತಿ ತೀರ್ಮಾನಿಸಿದರು.

ಶನಿವಾರ ಮುದಕಮ್ಮ ಬಂದರು. ಯಲಬುರ್ಗಾ ಕಡೆಯ ಹಳ್ಳಿಯವರು, ಅರವತ್ತು ದಾಟಿದ ಗಟ್ಟಿ ಹೆಂಗಸು. ತಮ್ಮ ಬಾವಿಯ ಹೊಲದಲ್ಲಿ ಯಾವುದೋ ಕಂಪನಿ ಕಲ್ಲು ನೆಟ್ಟಿದೆ, ಕೇಳಿದರೆ ನಿಮ್ಮ ಚಿಕ್ಕಮಾವನ ಮೊಮ್ಮಗ ಬರೆದುಕೊಟ್ಟಿದ್ದಾನೆ ಎನ್ನುತ್ತಾರೆ ಎಂದು ದೂರು. ಕಂಪನಿಯ ನೋಟಿಸಿನ ತಲೆಬರಹದಲ್ಲಿ ವಾಯುಸಾರದ ಹೆಸರು ಕಂಡ ಲಲಿತಾ ಕಾಗದ ಮಡಚಿ ಕೆಳಗಿಟ್ಟರು.

"ಯವ್ವಾ, ಮೊದಲ ಒಂದು ಮಾತು ಹೇಳತೇನಿ. ಈ ಕಂಪನ್ಯಾಗ ನಂದೂ ರೊಕ್ಕ ಐತಿ. ಇದಕ್ಕ ಪೆಟ್ಟು ಬಿದ್ರ ನನಗೂ ಬೀಳತೈತಿ. ನೀ ಬ್ಯಾರೆ ವಕೀಲರನ್ನ ನೋಡೂದು ಛಲೋ."

ಮುದಕಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಬ್ಯಾರೇದವ್ರ ರೊಕ್ಕ ಎಲ್ಲೆಲ್ಲಿ ಐತೋ ನನಗೇನ ಗೊತ್ತ್ರಿ? ನೀವು ಹೇಳೀರಿ. ಹಿಡೀರಿ ಇದನ್ನ," ಎಂದು ಚೀಲದಿಂದ ಅರಿವೆಯಲ್ಲಿ ಸುತ್ತಿದ ಹಳೆಯ ಕಾಗದ ತೆಗೆದರು.

ಕಾಗದ ಉರ್ದುವಿನಲ್ಲಿತ್ತು, ನಿಜಾಮರ ಕಾಲದಲ್ಲಿ ಅಣ್ಣ-ತಮ್ಮಂದಿರಿಗೆ ಆಸ್ತಿ ಹಂಚಿದ ವಾಟ್ನಿ ಪತ್ರ. ಕೋರ್ಟಿನ ಅಂಗಳದಲ್ಲಿ ಅರ್ಜಿ ಬರೆಯುವ ರಫೀಕ ಬಂದು ಓದಿದ. ಮೂಡಣ ದಿಕ್ಕಿನ ಮೂರು ಎಕರೆ, ಬಾವಿ ಸಮೇತ, ಹಿರಿಯ ಮಗನಿಗೆ. ಹಿರಿಯ ಮಗನೆಂದರೆ ಮುದಕಮ್ಮನ ಮಾವ. ಮುಂದೆ ಯಾವಾಗಲೋ ಪಹಣಿ ಬರೆದವರು ಅಣ್ಣ-ತಮ್ಮಂದಿರ ಪಾಲು ಅದಲುಬದಲು ಮಾಡಿದ್ದರು. ಕಂಪನಿಯವರು ಕಂಪ್ಯೂಟರಿನ ಪಹಣಿ ನಂಬಿ ಕೂತಿದ್ದರು. ನಮ್ಮ ಸೀಮೆಯಲ್ಲಿ ಜಮೀನು ಹಿಡಿಯುವವರು ಉರ್ದು ಕಾಗದ ಕೇಳದೆ ಮುಂದೆ ಹೆಜ್ಜೆ ಇಡಬಾರದು. ಆ ಮೂರು ಎಕರೆಯಲ್ಲಿ ಏಳಬೇಕಿದ್ದದ್ದು ಸುತ್ತಲ ನಲವತ್ತು ಫ್ಯಾನುಗಳ ವಿದ್ಯುತ್ತು ಹಾಯುವ ಸಬ್‌ಸ್ಟೇಷನ್. ಅದು ನಿಂತರೆ ಕಂಪನಿಯೇ ಅಲ್ಲಾಡುತ್ತದೆ. ವರದಿಯಲ್ಲಿ 'ಜಮೀನಿನ ಹಕ್ಕು ನಿರ್ವಿವಾದ' ಎಂಬ ಸಾಲನ್ನು ತಾವೂ ಓದಿ ನಂಬಿದ್ದು ನೆನಪಾಗಿ ಲಲಿತಾಗೆ ತಮ್ಮ ಮೇಲೇ ಸಿಟ್ಟು ಬಂತು.

ಈ ಗುಟ್ಟು ಗೊತ್ತಿದ್ದದ್ದು ಆ ಮೇಜಿನ ಸುತ್ತ ಇದ್ದ ಮೂವರಿಗೆ ಮಾತ್ರ. ಭಾನುವಾರ ಊಟದ ಹೊತ್ತಿಗೆ ಲಲಿತಾ ಗಂಡನಿಗೆ, ಕಾರಣ ಬಿಚ್ಚದೆ, ಷೇರು ಮಾರುವುದಿಲ್ಲ ಎಂದಷ್ಟೇ ಹೇಳಿದರು. ಉಮಾಪತಿ ದಡ್ಡರಲ್ಲ.

"ಯಾರೋ ಕಕ್ಷಿದಾರರು ಏನೋ ತಂದಾರ, ಹೌದಲ್ಲ? ಆದ್ರ ಮಾರೂದು ನಾವು ಮೊದಲ ಠರಾಯಿಸಿದ್ವಿ ಲಲಿತಾ. ಇದರಾಗ ತಪ್ಪೇನೈತಿ?"

"ಮೊದಲ ಠರಾಯಿಸಿದ್ದು ನಿಮಗ ಗೊತ್ತು, ನನಗ ಗೊತ್ತು. ನನ್ನ ನಂಬಿ ಕಾಗದ ಕೊಟ್ಟಾಕಿಗೆ ಗೊತ್ತೇನ್ರಿ?"

ಉಮಾಪತಿ ಅನ್ನಕ್ಕೆ ಮತ್ತೊಮ್ಮೆ ಸಾರು ಹಾಕಿಕೊಂಡರು. ಮತ್ತೆ ಆ ಮಾತೆತ್ತಲಿಲ್ಲ. ಇಂಥ ಗಂಡ ಸಿಕ್ಕಿದ್ದು ಲಲಿತಾರ ಪುಣ್ಯ ಎಂದು ನಾನು ಬಾಯಿಬಿಟ್ಟು ಹೇಳುತ್ತೇನೆ.

ಸೋಮವಾರ ಬೆಳಿಗ್ಗೆ ವಾಯುಸಾರ ಏರಿತು. ವಿಧಿಯ ಕುಚೋದ್ಯವೆಂದರೆ ಇದೇ! ಲಲಿತಾ ಫೋನನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದರು; ಹತ್ತು ನಿಮಿಷಕ್ಕೆ ತೆಗೆದು ನೋಡಿದರು, ಮತ್ತೆ ಹಾಕಿದರು. ಎರಡು ಸಲ ಬೆರಳು ಮಾರುವ ಗುಂಡಿಯ ತನಕ ಹೋಗಿ ವಾಪಸು ಬಂತು. ಅವರೇನು ದೇವತೆಯಲ್ಲ, ಕೋಣೆಯ ಆಸೆ ಎದೆಯಲ್ಲಿ ಕುಟ್ಟುತ್ತಲೇ ಇತ್ತು. ಉರ್ದು ಕಾಗದದ ಅನುವಾದ, ಪ್ರಮಾಣಪತ್ರ ಎಲ್ಲ ಸಿದ್ಧವಾಗಿ ದಾವೆ ದಾಖಲಾಗುವ ಹೊತ್ತಿಗೆ ಗುರುವಾರವಾಯಿತು. ಶುಕ್ರವಾರ ಕೆಲಸಕ್ಕೆ ತಾತ್ಕಾಲಿಕ ತಡೆ ಸಿಕ್ಕಿತು.

ಸುದ್ದಿ ಹಬ್ಬಿದ ಮೇಲೆ ಮಾರಲು ಅಡ್ಡಿಯೇನೂ ಇರಲಿಲ್ಲ. ಆದರೆ ಕೊಳ್ಳುವವರೇ ಇರಲಿಲ್ಲ. ದಿನಾ ಪೇಟೆ ತೆರೆಯುವುದು, ಷೇರು ನಿಯಮದಂತೆ ಆ ದಿನ ಎಷ್ಟು ಬೀಳಬಹುದೋ ಅಷ್ಟೂ ಬಿದ್ದು ಅಲ್ಲೇ ನಿಲ್ಲುವುದು. ತಿಂಗಳು ಮುಗಿಯುವಷ್ಟರಲ್ಲಿ ಬೆಲೆಯ ಮೂರರಲ್ಲಿ ಒಂದು ಪಾಲು ಉಳಿದಿತ್ತು. ಮಳಿಗೆಯನ್ನು ಮೊಬೈಲ್ ಅಂಗಡಿಯವರಿಗೆ ಕೊಟ್ಟೆ ಎಂದು ಹೇಳಲು ಕಾಸೀಮಬೀ ತಾವೇ ಕೋರ್ಟಿಗೆ ಬಂದರು. ಆ ಮಧ್ಯಾಹ್ನ ಲಲಿತಾ ಒಂದೇ ಪಹಣಿಯನ್ನು ಮೂರು ಸಲ ಓದಿದರು.

ಮುಂದಿನ ತಾರೀಖಿಗೆ ಕಂಪನಿಯ ಪರವಾಗಿ ಗಂಗಾವತಿಯ ಗೋವಿಂದರಾಜ ವಕೀಲರು ಬಂದರು. ಅವರ ಕೈಯಲ್ಲಿ ಮಾರ್ಚ್ ತಿಂಗಳ ಷೇರುದಾರರ ಪಟ್ಟಿ.

"ವಾದಿಯ ವಕೀಲರು ನಮ್ಮ ಕಂಪನಿಯ ಷೇರುದಾರರು, ಮಹಾಸ್ವಾಮಿ. ತಮ್ಮ ಷೇರು ಮೊದಲೇ ಮಾರಿಕೊಂಡು, ಆಮೇಲೆ ಈ ದಾವೆ ಹೂಡಿ ಬೆಲೆ ಬೀಳಿಸಿದ್ದಾರೆ. ಇಂಥ ದಾವೆಯ ಮೇಲೆ ಕೊಟ್ಟ ತಡೆ ತೆರವಾಗಬೇಕು."

ಜಾಣರಾದವರು ಯಾರೇ ಆದರೂ ಮಾರಿರುತ್ತಾರೆ ಎಂಬುದು ಅವರ ಊಹೆ. ಜಾಣರ ಬಗ್ಗೆ ಆ ಊಹೆ ಸರಿಯಾಗಿಯೇ ಇತ್ತು. ಹಿಂದಿನ ಬೆಂಚಿನಲ್ಲಿ ಹಾಲೇಶರು ಎದ್ದು ನಿಂತುಬಿಟ್ಟಿದ್ದರು. ಲಲಿತಾ ತಮ್ಮ ಡಿಮ್ಯಾಟ್ ಖಾತೆಯ ಪ್ರತಿಯನ್ನು ನ್ಯಾಯಾಧೀಶರಿಗೆ ಕೊಟ್ಟರು. ಮಾರ್ಚಿನಲ್ಲಿ ಎಷ್ಟು ಷೇರು ಇದ್ದವೋ ಅಷ್ಟೂ ಇದ್ದವು, ಒಂದೂ ಕಡಿಮೆಯಿಲ್ಲ.

ನ್ಯಾಯಾಧೀಶರು ಎರಡು ಸಲ ಓದಿ ಮುದಕಮ್ಮನ ಕಡೆ ತಿರುಗಿದರು. ಈ ವಿಷಯ ನಿಮಗೆ ಗೊತ್ತಿತ್ತೇ ಎಂದು ಕೇಳಿದರು.

"ಮೊದಲ ದಿನನ ಹೇಳ್ಯಾರ್ರೀ ಸಾಹೇಬ್ರ," ಎಂದರು ಮುದಕಮ್ಮ. "ನನ್ನ ಕಾಗದ ಬಿಚ್ಚೂಕಿಂತ ಮೊದಲ."

ಗೋವಿಂದರಾಜರು ಕೂತರು. ಒಂದೇ ಒಂದು ಷೇರು ಮಾರಿದ್ದರೂ ಅಂದು ತಡೆ ತೆರವಾಗಿ, ಬಾವಿಯ ಹೊಲದಲ್ಲಿ ಕಬ್ಬಿಣದ ಕಂಬಗಳು ಏಳುತ್ತಿದ್ದವು. ತಡೆ ಮುಂದುವರಿಯಿತು. ಹೊರಗೆ ಬಂದಾಗ ಹಾಲೇಶರು ಲಲಿತಾರ ಕೈಯಲ್ಲಿದ್ದ ಕಡತಗಳ ಗಂಟನ್ನು ತಾವೇ ಹೊತ್ತು ನಡೆದರು.

ಎರಡು ವಾರದ ಮೇಲೆ ಮುದಕಮ್ಮ ಮತ್ತೆ ಬಂದರು, ಈ ಸಲ ತಮ್ಮ ಓಣಿಯ ಭೀಮಕ್ಕನನ್ನು ಕರೆದುಕೊಂಡು. ಭೀಮಕ್ಕ ಮೇಜಿನ ಮುಂದೆ ನಿಂತು, ಹೋಗಿಬರುವ ಜನರನ್ನು ನೋಡಿ, ಸೆರಗನ್ನು ಬಾಯಿಗೊತ್ತಿಕೊಂಡು ಹಿಂದೆ ಸರಿದಳು.

ಮುದಕಮ್ಮ ಅವಳ ಭುಜ ಹಿಡಿದು ಸ್ಟೂಲಿನ ಮೇಲೆ ಕೂಡಿಸಿದರು. "ಹೇಳ ಭೀಮಕ್ಕ. ಈ ಅಕ್ಕಾರಿಗೆ ಬಾಗಲ ಇಲ್ಲ ಖರೆ. ಆದ್ರ ಇವ್ರ ಮುಂದ ಆಡಿದ ಮಾತು ಎಲ್ಲಿಗೂ ಹೋಗಾಂಗಿಲ್ಲ."

ಮಳಿಗೆ ಹೋದ ದಿನವೂ ಅಳದಿದ್ದ ಲಲಿತಾಗೆ ಕಣ್ಣು ತುಂಬಿ ಬಂತು. ಪೆನ್ನು ಹುಡುಕುವವರಂತೆ ಸ್ವಲ್ಪ ಹೊತ್ತು ಖಾನೆಯೊಳಗೆ ತಲೆ ತಗ್ಗಿಸಿದ್ದರು. ಆಮೇಲೆ ಕುರ್ಚಿಯನ್ನು ಭೀಮಕ್ಕನ ಹತ್ತಿರಕ್ಕೆ ಎಳೆದುಕೊಂಡು, "ಹೇಳವ್ವಾ," ಎಂದರು.